ಭಂಡಾರ ಎತ್ತದವಳು

ಒಂದೇ ಹುಡುಗಿಯ ಹೆಸರಿನಲ್ಲಿ ಒಂದೇ ಮುಂಜಾನೆ ಎರಡು ತಕರಾರು ಠಾಣೆಗೆ ಬಂದವು. ಆಕೆ ಕಳ್ಳಿ ಎಂದು ಒಂದು, ಆಕೆ ಕಾಣುತ್ತಿಲ್ಲ ಎಂದು ಇನ್ನೊಂದು. ಹವಾಲ್ದಾರ ಸಿದರಾಯ ಹಿಪ್ಪರಕರ ಅವುಗಳಲ್ಲಿ ಯಾವುದನ್ನು ಮೊದಲು ಬರೆದುಕೊಂಡ ಅನ್ನುವುದರಲ್ಲೇ ಅರ್ಧ ಕತೆ ಇದೆ, ಮತ್ತು ಆ ಅರ್ಧಕ್ಕೆ ಅವನು ಇವತ್ತಿಗೂ ಬೇರೆ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ.

೬ ಆಗಸ್ಟ್ ೨೦೨೪, ಮಂಗಳವಾರ, ಮುಂಜಾನೆ ೯.೪೦. ಮೊದಲು ಬಂದವನು ವಿಠೋಬ ಸರಗರ, ವಯಸ್ಸು ಐವತ್ತೆರಡು. ಶೇಗಾಂವ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ ಹದಿನೆಂಟು ವರ್ಷದಿಂದ ಮ್ಯಾನೇಜರ. ಸುತ್ತಲಿನ ರೈತರು ದ್ರಾಕ್ಷಿ ಒಣಗಿಸಿ ಮಾಡಿದ ಬೇದಾಣೆಯನ್ನು ಬಾಕ್ಸುಗಳಲ್ಲಿ ತುಂಬಿ ಅಲ್ಲಿ ತಂದಿಡುತ್ತಾರೆ. ದರ ಏರಿದಾಗ ಬಿಡಿಸಿಕೊಂಡು ಹೋಗುತ್ತಾರೆ. ಮಾಲೀಕ ಇರುವುದು ಪುಣೆಯಲ್ಲಿ. ಇಲ್ಲಿ ಮಾಲೀಕ ಅಂದರೂ ಮ್ಯಾನೇಜರ ಅಂದರೂ ವಿಠೋಬನೇ. ಅವನ ಹಣೆಯ ಮೇಲೆ ಬೀರೋಬಾ ದೇವರ ಹಳದಿ ಭಂಡಾರ ದಪ್ಪಗೆ ಬಳಿದಿತ್ತು. ಸಿದರಾಯನೂ ಅದೇ ದೇವರ ಒಕ್ಕಲು. ಎದ್ದು ಕುರ್ಚಿ ಕೊಟ್ಟ.

"ಬರ್ರಿ, ಕುಂದ್ರಿ. ಏನಾತು?"

"ನಮ್ಮಲ್ಲಿ ಕಳವಾಗೇತಿ, ಹವಾಲ್ದಾರ. ಮಾಡಿದಾಕಿ ನಿನ್ನಿ ಓಡಿ ಹೋಗ್ಯಾಳ."

"ಯಾರಾಕಿ?"

"ಸ್ನೇಹಲ ಕಾಂಬಳೆ. ನಮ್ಮಲ್ಲಿ ಟೆಂಪರೇಚರ್ ರಜಿಸ್ಟರ್ ಬರಿಯಾಕಿ. ಇಪ್ಪತ್ಮೂರು ವಯಸ್ಸು."

ವಿಠೋಬ ಹೇಳಿದ್ದು ಹೀಗೆ. ಶನಿವಾರ ಕರಜಗಿಯ ಒಬ್ಬ ರೈತ ತನ್ನ ನೂರು ಬಾಕ್ಸು ಬಿಡಿಸಿಕೊಳ್ಳಲು ಬಂದ. ಇಟ್ಟಾಗ ಹಸಿರು ಬೇದಾಣೆ. ಬಾಕ್ಸು ಬಿಚ್ಚಿ ನೋಡಿದರೆ ಕಂದುಬಣ್ಣದ ಹಾಳು ಮಾಲು. ಒಳಗಿನವರೇ ಯಾರೋ ಬದಲಿ ಮಾಡಿದ್ದಾರೆ. ಮರುದಿನ ಆದಿತ್ಯವಾರ, ಮೇಲಾಗಿ ಅಮಾವಾಸ್ಯೆ. ಏಳೂ ಜನ ಕೆಲಸಗಾರರನ್ನು ಅಂಗಳದಲ್ಲಿ ನಿಲ್ಲಿಸಿ ಭಂಡಾರ ಎತ್ತಿಸಿದ.

ಭಂಡಾರ ಎತ್ತುವುದು ಕನ್ನಡ ಮರಾಠಿ ಬೆರೆತ ಆ ಗಡಿ ಕಡೆ ಆಟದ ಮಾತಲ್ಲ. ಬೀರೋಬಾನ ಮುಂದಿನ ಅರಿಷಿಣಪುಡಿಯನ್ನು ಅಂಗೈಯಲ್ಲಿ ಹಿಡಿದು, "ನಾ ತಪ್ಪ ಮಾಡಿದ್ರ ದೇವರ ನೋಡಿಕೊಳ್ಳಲಿ" ಅಂತ ಹೇಳಿ ಹಣೆಗೆ ಹಚ್ಚಿಕೊಂಡರೆ ಮುಗಿಯಿತು. ಕೋರ್ಟಿನಲ್ಲಿ ಬಾಯಿಗೆ ಬಂದಂತೆ ಸುಳ್ಳು ಹೇಳುವವನೂ ಇಲ್ಲಿ ಕೈ ಹಿಂದೆ ತೆಗೆಯುತ್ತಾನೆ.

"ಮೊದಲ ನಾನ ಎತ್ತಿದೆ," ಅಂದ ವಿಠೋಬ. "ಆಮ್ಯಾಲ ಉಳದವರು ಎತ್ತಿದ್ರು. ಮಶೀನ್ ಆಪರೇಟರ್ ಬಾದಶಹಾ ತನ್ನ ದೇವರ ಹೆಸರ ತಗೊಂಡು ಆಣಿ ಮಾಡಿದ. ಈಕಿ ಒಬ್ಬಾಕಿ ಒಲ್ಲೆ ಅಂದ್ಲು. ನಿನ್ನಿ ಮಧ್ಯಾಹ್ನದಿಂದ ಪತ್ತೇನ ಇಲ್ಲ."

ಸಿದರಾಯ ಮತ್ತೇನೂ ಕೇಳಲಿಲ್ಲ. ಭಂಡಾರ ಎತ್ತಲು ಒಲ್ಲೆ ಅಂದವಳು, ಮರುದಿನ ನಾಪತ್ತೆ. ಇಪ್ಪತ್ನಾಲ್ಕು ವರ್ಷದ ನೌಕರಿಯಲ್ಲಿ ಇಷ್ಟು ಸರಳವಾದ ಕೇಸು ಅವನು ನೋಡಿರಲಿಲ್ಲ. ೧೦.೦೫ಕ್ಕೆ ಸ್ನೇಹಲಳ ಹೆಸರಿಗೆ ಎಫ್‌ಐಆರ್ ದಾಖಲಾಯಿತು.

ಅವನು ಅದನ್ನು ಬರೆಯುತ್ತಿರುವಾಗಲೇ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಿದ್ದಳು. ಸ್ನೇಹಲಳ ತಾಯಿ ಯಮನವ್ವ. ಬೇದಾಣೆ ಆರಿಸುವ ಶೆಡ್ಡಿನಲ್ಲಿ ದಿನಗೂಲಿ.

"ಸಾಹೇಬ್ರ, ನನ್ನ ಮಗಳು ನಿನ್ನಿ ಕೆಲಸಕ್ಕ ಹೋದಾಕಿ ಮನಿಗಿ ಬಂದಿಲ್ರಿ."

"ಗೊತ್ತೈತಿ. ಅಲ್ಲಿ ಕುಂದರು."

ಆಕೆ ಹೊರಗಿನ ಮರದ ಬಾಕಿನ ಮೇಲೆ ಕುಳಿತಳು. ಮೈಮೇಲೆ ಎಫ್‌ಐಆರ್ ಇರುವ ಮಗಳ ತಾಯಿ ಕಾಯಬೇಕಾದದ್ದೇ ಅನ್ನುವುದು ಸಿದರಾಯನ ಲೆಕ್ಕ. ಆಕೆ ಕಾದಳು, ಹತ್ತಿರ ಹತ್ತಿರ ಒಂದು ತಾಸು.

೧೧.೦೦ಕ್ಕೆ ಠಾಣೆಯ ಸಹಾಯಕ ಇನ್‌ಸ್ಪೆಕ್ಟರ್ ಯೋಗಿತಾ ಪಾಟೋಳೆ ಬಂದರು. ಮಂಗಳವೇಢೆ ಕಡೆಯವರು, ಮರಾಠಿಯಷ್ಟೇ ಸಲೀಸಾಗಿ ಕನ್ನಡ ಆಡುವವರು. ಬಂದವರು ಮೊದಲು ನೋಡಿದ್ದು ಬಾಕಿನ ಮೇಲಿದ್ದ ಹೆಂಗಸನ್ನು.

"ಮಗಳು ಮನ್ಯಾಗ ಏನರೆ ಹೇಳಿದ್ಲೇನವ್ವಾ?"

"ಮ್ಯಾನೇಜರಗ ಆಕಿಗೆ ಮಾತ ಬೆಳದಿತ್ರಿ. ಏನಂತ ಹೇಳಲಿಲ್ಲ. ಪುಣೆ ಮಾಲಕರಿಗೆ ಫೋನ್ ಮಾಡ್ತೀನಿ ಅಂತಿದ್ಲು."

"ಭಂಡಾರ ಎತ್ತಲಿಲ್ಲಂತಲ್ಲ?"

ಯಮನವ್ವ ಇನ್‌ಸ್ಪೆಕ್ಟರರ ಮುಖವನ್ನು ನೆಟ್ಟಗೆ ನೋಡಿದಳು. "ನಾವು ಬೌದ್ಧರ್ರಿ ಮೇಡಂ. ನಮ್ಮ ಅತ್ತಿ ಮಾವನ ಕಾಲದಾಗ ದೇವರು, ಆಣಿ, ಭಂಡಾರ ಎಲ್ಲಾ ಬಿಟ್ಟೀವಿ. ಹಂಗಂತ ಆಕಿ ಎಲ್ಲಾರ ಮುಂದ ಹೇಳಿದ್ಲಂತ. ಯಾರೂ ಕಿವಿಮ್ಯಾಲ ಹಾಕ್ಕೊಳ್ಳಲಿಲ್ಲ."

ಯೋಗಿತಾ ಸಿದರಾಯನ ಕಡೆ ತಿರುಗಿದರು. "ಮಿಸಿಂಗ್ ದಾಖಲ ಮಾಡಿಕೋರಿ. ಎಫ್‌ಐಆರ್ ಮೊದಲ ಯಾಕ ಆತು?"

"ಅದು ಮೊದಲ ಬಂತ್ರಿ ಮೇಡಂ."

ಉತ್ತರ ಸರಿಯೇ ಇತ್ತು. ಆದರೂ ಹೇಳುವಾಗ ಅವನು ಬಾಕಿನ ಕಡೆ ನೋಡಲಿಲ್ಲ.

ಮಧ್ಯಾಹ್ನ ೧೨.೧೦ಕ್ಕೆ ಜೀಪು ಕೋಲ್ಡ್ ಸ್ಟೋರೇಜ್ ಮುಟ್ಟಿತು. ಯೋಗಿತಾ, ಸಿದರಾಯ, ಮಹಿಳಾ ಕಾನ್‌ಸ್ಟೇಬಲ್ ಶಮಶಾದ, ಸಾಕ್ಷಿಗೆಂದು ದಾರಿಯಲ್ಲಿ ಹತ್ತಿಸಿಕೊಂಡ ಇಬ್ಬರು ಪಂಚರು. ಕಾಂಪೌಂಡಿನೊಳಗೆ ಕಾಲಿಟ್ಟ ಕೂಡಲೇ ಅಮೋನಿಯಾದ ವಾಸನೆ ಮೂಗಿಗೆ ಚುಚ್ಚಿತು. ಮಶೀನಿನ ಸದ್ದು ಎಷ್ಟೆಂದರೆ ಪಕ್ಕದವನಿಗೆ ಏನಾದರೂ ಹೇಳಬೇಕಾದರೆ ಕಿವಿಯ ಹತ್ತಿರ ಬಾಯಿ ಒಯ್ಯಬೇಕು. ಕೆಲಸಗಾರರು ಅಲ್ಲೊಬ್ಬ ಇಲ್ಲೊಬ್ಬ ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ.

ಆಫೀಸಿನಲ್ಲಿ ಯೋಗಿತಾ ಮೊದಲು ರಜಿಸ್ಟರ್ ಕೇಳಿದರು. ಐದೂ ಚೇಂಬರಿನ ಶೀತ ಎಷ್ಟಿದೆ ಎಂದು ದಿನಕ್ಕೆ ಮೂರು ಸಲ ಬರೆಯುವ ಪುಸ್ತಕ. ವಿಠೋಬ ತಂದುಕೊಟ್ಟ. ಯೋಗಿತಾ ಪುಟ ತಿರುವಿದರು.

"ಮೇ ತಿಂಗಳು ಮೂವತ್ತೊಂದು ದಿನ, ಐದೂ ಚೇಂಬರ್, ನಾಕ ಡಿಗ್ರಿ. ಒಂದ ದಿನಾನೂ ಲೈಟ್ ಹೋಗಲಿಲ್ಲೇನ್ರಿ ನಿಮ್ಮಲ್ಲೆ?"

"ಜನರೇಟರ್ ಐತ್ರಿ ಮೇಡಂ."

"ಇದು ಸ್ನೇಹಲಳ ಅಕ್ಷರನ?"

"ಹೌದ್ರಿ."

ಮೂಲೆಯ ಮೇಜಿನ ಕೆಳಗೆ ಒಂದು ಚೀಲವಿತ್ತು. ಶಮಶಾದ ಬಿಚ್ಚಿದಳು. ಊಟದ ಡಬ್ಬಿ, ಒಳಗೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಮುಟ್ಟಿರಲಿಲ್ಲ. ಪಲ್ಯ ಹಳಸಿ ನೊರೆ ಬಂದಿತ್ತು.

"ಓಡಿ ಹೋಗಾಕಿ ಬುತ್ತಿ ಬಿಟ್ಟು ಹೋಗ್ತಾಳೇನು?" ಯೋಗಿತಾ ಕೇಳಿದರು.

"ಗಡಬಡ್ಯಾಗ ಬಿಟ್ಟಿರಬೇಕ್ರಿ," ಅಂದ ಸಿದರಾಯ. ಯಾರೂ ಅವನನ್ನು ಕೇಳಿರಲಿಲ್ಲ.

ಯೋಗಿತಾ ರಜಿಸ್ಟರಿನ ಜೊತೆ ಆಫೀಸಿನಲ್ಲೇ ಉಳಿದರು. ಚೇಂಬರುಗಳ ಪಂಚನಾಮೆ ಸಿದರಾಯನ ಪಾಲಿಗೆ ಬಂತು. ವಿಠೋಬ ಕೀಲಿಗೊಂಚಲು ಹಿಡಿದು ಮುಂದೆ, ಸಿದರಾಯ ಮತ್ತು ಪಂಚರು ಹಿಂದೆ. ಒಂದು, ಎರಡು, ಮೂರು, ನಾಲ್ಕು. ಗೇಣುದಪ್ಪದ ಬಾಗಿಲು ತೆರೆದಂತೆಲ್ಲ ಒಳಗಿನ ತಂಪು ಮೈಮೇಲೆ ಬಂದು ಬೀಳುತ್ತಿತ್ತು. ಛಾವಣಿಯ ತನಕ ಬಾಕ್ಸು. ಸಿದರಾಯ ಬ್ಯಾಟರಿ ಹಾಕಿ ಸಂದುಗೊಂದು ನೋಡಿದ. ಯಾರೂ ಇಲ್ಲ.

ಐದನೆಯ ಬಾಗಿಲಿಗೆ ಹೊರಗಿನಿಂದ ಕೊಂಡಿ ಹಾಕಿ ಬೀಗ ಜಡಿದಿತ್ತು. ವಿಠೋಬ ಅದರ ಮುಂದೆ ನಿಂತ. ಗೊಂಚಲಿನಿಂದ ಒಂದು ಕೀಲಿ ಬೇರೆ ಮಾಡಿ ಬೆರಳಲ್ಲಿ ಹಿಡಿದ.

"ಇದರಾಗ ಗ್ಯಾಸ್ ಸೋರೈತ್ರಿ. ತೆಗೀಲೇನು?"

ಪಂಚರು ಎರಡು ಹೆಜ್ಜೆ ಹಿಂದೆ ಸರಿದರು. ಸಿದರಾಯನ ಕಣ್ಣೂ ಆಗಲೇ ಉರಿಯುತ್ತಿದ್ದವು. ಓಡಿ ಹೋದ ಕಳ್ಳಿಯನ್ನು ಗ್ಯಾಸಿನ ಕೋಣೆಯಲ್ಲಿ ಹುಡುಕುವುದು ಯಾವ ಶಾಣ್ಯಾತನ?

"ಬ್ಯಾಡ ಬಿಡ್ರಿ. ನಡೀರಿ."

ಪಂಚನಾಮೆಯಲ್ಲಿ ಹೀಗೆ ಬರೆದ: ಚೇಂಬರ್ ೫, ಗ್ಯಾಸ್ ಸೋರಿಕೆಯಿಂದ ಬಂದ್, ತೆರೆದು ನೋಡಿಲ್ಲ. ಸಮಯ ೧೨.೫೫. ಪಂಚರ ಸಹಿ ಆಯಿತು.

ಸ್ನೇಹಲಳ ಫೋನು ಸೋಮವಾರ ಮಧ್ಯಾಹ್ನ ೧೨.೪೦ರಿಂದ ಬಂದ್. ಕೊನೆಗೆ ತೋರಿಸಿದ್ದು ಶೇಗಾಂವ ಟಾವರ್. ಆಕೆ ಹೋಗಿದ್ದರೆ ಬಾಡಿಗೆ ಜೀಪಿನಲ್ಲೇ ಹೋಗಿರಬೇಕು. ಸನಮಡಿ ದಾರಿಯ ಜೀಪಿನವರನ್ನು ವಿಚಾರಿಸಿ ಬರಲು ಯೋಗಿತಾ ಸಿದರಾಯನನ್ನು ಕಳಿಸಿದರು. ೨.೧೫ರಿಂದ ಅವನು ಆರು ಚಾಲಕರನ್ನು ಕೇಳಿದ. ಸೋಮವಾರ ಅಂಥ ಹುಡುಗಿ ಯಾರ ಗಾಡಿಯನ್ನೂ ಹತ್ತಿರಲಿಲ್ಲ.

ದಾರಿಯ ಮಗ್ಗುಲಿಗೆ ಬೀರೋಬಾನ ಸಣ್ಣ ಗುಡಿ ಇದೆ. ಅದನ್ನು ದಾಟುವಾಗ ಸಿದರಾಯ ಬೈಕು ನಿಲ್ಲಿಸದೆ ಹೋದವನಲ್ಲ. ಕೈಮುಗಿದು ಒಳಗೆ ಬಂದ. ಪೂಜಾರಿ ಕುರಿಗಳ ಹಿಂದೆ ಹೋಗಿದ್ದ. ಅವನ ಹೆಂಡತಿ ಸಿದ್ದವ್ವ ಹೊಚ್ಚಹೊಸ ಕರಿ ಕಂಬಳಿಯೊಂದನ್ನು ಮಡಚುತ್ತಿದ್ದಳು.

"ಬಾ ತಮ್ಮಾ, ಭಂಡಾರ ಹಚ್ಚಿಕೋ."

"ಚಲೋ ಕಂಬಳಿ. ಯಾರ ತಂದಿದ್ದು?"

"ತಪ್ಪಗಾಣಿಕಿದು. ನಿನ್ನಿ ಹೊತ್ತ ಮುಳುಗೂದ್ರಾಗ ಕೋಲ್ಡಿನ ಮ್ಯಾನೇಜರ ತಂದಿಟ್ಟ. ಸರಗರ ವಿಠೋಬ."

ದೇವರ ಮುಂದೆ ಸುಳ್ಳು ಆಣೆ ಮಾಡಿದವನು ಹಗಲು ರಾತ್ರಿ ಅದೇ ಹೆದರಿಕೆಯಲ್ಲಿರಲಾರದೆ ಬಂದು ಇಡುವುದು ತಪ್ಪುಗಾಣಿಕೆ. ಒಂದು ಕಂಬಳಿ, ಐದು ತೆಂಗು, ಐದು ಬೊಗಸೆ ಭಂಡಾರ. ಇಡುವವನು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ತಪ್ಪೇನೆಂದು ಹೇಳಬೇಕಿಲ್ಲ, ಪೂಜಾರಿಯೂ ಕೇಳುವಂತಿಲ್ಲ.

"ಏನರೆ ಅಂದನೇನು?"

"ಅನ್ನೂದೇನು? ಅಡ್ಡಬಿದ್ದಾಂವ ಭಾಳ ಹೊತ್ತು ಏಳಲೇ ಇಲ್ಲ. ನಾನ ಹೆದರಿ ಭುಜ ಮುಟ್ಟಿದೆ."

ಸಿದರಾಯ ಗುಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಮುಂಜಾನೆ ವಿಠೋಬನ ಹಣೆಯ ಮೇಲಿದ್ದ ಭಂಡಾರ ನೋಡಿ ತಾನು ಎದ್ದು ಕುರ್ಚಿ ಕೊಟ್ಟದ್ದು ನೆನಪಾಯಿತು. ಮೊದಲು ಭಂಡಾರ ಎತ್ತಿದವನೇ ಸುಳ್ಳ. ಎತ್ತದವಳು ತನಗೆ ನಂಬಿಕೆಯಿಲ್ಲದ್ದನ್ನು ನಂಬಿದ ಹಾಗೆ ನಟಿಸಲು ಒಲ್ಲೆ ಅಂದಿದ್ದಳು, ಅಷ್ಟೇ. ಏಳು ಜನರಲ್ಲಿ ಸತ್ಯದಿಂದ ನಡೆದುಕೊಂಡವಳ ಮೇಲೆ ಅವನು ಮುಂಜಾನೆ ಎಫ್‌ಐಆರ್ ಬರೆದು ಕುಳಿತಿದ್ದ.

ಮೇಡಂಗೆ ತಕ್ಷಣ ಫೋನು ಮಾಡಿದ ಅಂದರೆ ಸುಳ್ಳಾಗುತ್ತದೆ. ದೇವರ ಮುಂದೆ ಇಟ್ಟದ್ದನ್ನು ಠಾಣೆಗೆ ಒಯ್ಯುವ ಕೆಲಸ ಅವನ ಕುಲದಲ್ಲಿ ಯಾರೂ ಮಾಡಿದ್ದಿಲ್ಲ. ನಾಳೆ ಊರಲ್ಲಿ ಮುಖ ಎತ್ತಬೇಕಲ್ಲ? ಸಿದ್ದವ್ವ ಕೊಟ್ಟ ಚಹಾ ಕೈಯಲ್ಲೇ ಆರಿತು. ಬಾಕಿನ ಮೇಲೆ ಕುಳಿತಿದ್ದ ಯಮನವ್ವ ಪದೇ ಪದೇ ಕಣ್ಣಮುಂದೆ ಬಂದಳು. ೩.೧೦ಕ್ಕೆ ಫೋನು ತೆಗೆದ.

"ಮೇಡಂ, ಮ್ಯಾನೇಜರಗ ಬಿಡಬ್ಯಾಡ್ರಿ. ನಾ ಬರಾಕತ್ತೀನಿ."

ಅವನು ಕೋಲ್ಡ್ ಸ್ಟೋರೇಜ್ ಮುಟ್ಟುವ ಹೊತ್ತಿಗೆ ಯೋಗಿತಾ ಆಪರೇಟರ್ ಬಾದಶಹಾನನ್ನು ಎದುರಿಗೆ ಕೂರಿಸಿಕೊಂಡಿದ್ದರು. ಬಾದಶಹಾಗೆ ಅರವತ್ತರ ಹತ್ತಿರ. ಮಶೀನಿನ ಸದ್ದಿನಲ್ಲಿ ಬದುಕಿ ಕಿವಿ ಮಂದವಾಗಿದ್ದವು. ವಿಠೋಬನನ್ನು ಶಮಶಾದಳ ಜೊತೆ ಹೊರಗೆ ಕೂರಿಸಿದ್ದರು.

"ರೈತನ ಬಾಕ್ಸ್ ಯಾವ ಚೇಂಬರದಾಗ ಇದ್ದವು?"

"ಐದರಾಗರಿ."

"ಬದಲಿ ಯಾರ ಮಾಡಿದ್ರು?"

ಬಾದಶಹಾ ನೆಲ ನೋಡಿದ. "ಯಾರೂ ಮಾಡಿಲ್ರಿ. ಮಾಲು ಅದ. ಮೇ ತಿಂಗಳದಾಗ ಐದರ ವಾಲ್ವ್ ಕೆಟ್ಟು ಒಂಬತ್ತು ದಿನ ಮಾಲು ಥಂಡಿ ಇಲ್ದ ಇತ್ತು. ಕಡುಬ್ಯಾಸಗಿ. ಹಸರ ಬೇದಾಣಿ ಬೆಂದು ಕಂದ ಆತು."

"ರಿಪೇರಿ ಯಾಕ ಮಾಡಿಸಲಿಲ್ಲ?"

"ಮ್ಯಾನೇಜರ ಮಿರಜದ ಮೇಸ್ತ್ರಿಗೆ ಹೇಳೀನಿ ಅಂತಿದ್ರು. ಹೇಳಿದ್ದಿಲ್ಲ, ಮರತಿದ್ರು. ಆಮ್ಯಾಲ ಮಾಲಕರಿಗೆ ಹೇಳಾಕ ಬಾಯಿ ಬರಲಿಲ್ಲ. ಸ್ನೇಹಲ ರಜಿಸ್ಟರದಾಗ ಖರೇ ಡಿಗ್ರಿ ಬರದಿದ್ಲು. ಬದಲಿ ಬರಿ ಅಂದ್ರು, ಆಕಿ ಒಲ್ಲೆ ಅಂದ್ಲು. ಈಗ ನಿಮ್ಮ ಕೈಯಾಗ ಇದ್ದ ರಜಿಸ್ಟರ್ ಮ್ಯಾನೇಜರ ತಾವ ಬರದದ್ದು."

"ಆದಿತ್ಯವಾರ ಯಾಕ ಸುಮ್ನಿದ್ದೆ?"

"ಮ್ಯಾನೇಜರ ಭಂಡಾರ ಎತ್ಯಾರಲ್ರಿ. ಆಮ್ಯಾಲ ನಂದೇನ ನಡೀತದ?"

ಬಾಗಿಲಲ್ಲಿ ನಿಂತಿದ್ದ ಸಿದರಾಯ ನಡುವೆ ಬಾಯಿ ಹಾಕಿದ. "ಐದರಾಗ ಈಗ ಗ್ಯಾಸ್ ಸೋರತದಲ್ಲ?"

ಬಾದಶಹಾ ಅವನ ಕಡೆ ಅರ್ಥವಾಗದವನ ಹಾಗೆ ನೋಡಿದ. "ಗ್ಯಾಸ್ ಎಲ್ಲೀದ್ರಿ? ಮೇ ತಿಂಗಳದಾಗ ಲೈನ ಕಟ್ ಮಾಡೀವಿ. ಮಾಲು ಬ್ಯಾರೆ ಚೇಂಬರಿಗೆ ಸಾಗಿಸಿದಾಗಿಂದ ಅದು ಖಾಲಿ ಕ್ವಾಣಿ."

ಸಿದರಾಯ ಯೋಗಿತಾರ ಮುಂದಿದ್ದ ಪಂಚನಾಮೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಯೋಗಿತಾ ಎದ್ದರು, ಕುರ್ಚಿ ಹಿಂದಕ್ಕೆ ಬಿತ್ತು.

ಅವರು ಬರುವುದನ್ನು ನೋಡಿ ವಿಠೋಬ ಗೊಂಚಲನ್ನೇ ಎತ್ತಿ ಕೊಟ್ಟ. ೪.೨೫ಕ್ಕೆ ಪಂಚರ ಸಮಕ್ಷಮ ಐದನೇ ಚೇಂಬರಿನ ಬೀಗ ತೆಗೆದರು. ಒಳಗೆ ಕತ್ತಲು, ಧಗೆ, ಕೊಳೆತ ಬೇದಾಣೆಯ ಹುಳಿ ನಾತ. ಬಾಗಿಲಿನಿಂದ ಎರಡೇ ಮಾರು ಒಳಗೆ ಹುಡುಗಿ ಮಗ್ಗುಲಾಗಿ ಬಿದ್ದಿದ್ದಳು. ಬಾಗಿಲಿನ ಒಳಮೈ ಮೇಲೆ ಚಪ್ಪಲಿಯಿಂದ ಬಡಿದ ಗುರುತು ನೂರಾರು ಇದ್ದವು. ಶಮಶಾದ ಓಡಿಹೋಗಿ ಮೂಗಿನ ಹತ್ತಿರ ಕೈ ಹಿಡಿದಳು.

"ಜೀವ ಐತ್ರಿ ಮೇಡಂ. ಲಗೂನ ನೀರ ತರ್ರಿ."

ಸಿದರಾಯನೇ ಆಕೆಯನ್ನು ಎತ್ತಿ ಜೀಪಿಗೆ ಒಯ್ದ. ಇಪ್ಪತ್ತೆಂಟು ತಾಸು ನೀರಿಲ್ಲದೆ ಇದ್ದವಳು. ಬಡಿದು ಬಡಿದು ಬಲಗೈ ಬಾತಿತ್ತು, ಕೂಗಿ ಕೂಗಿ ದನಿ ಹೋಗಿತ್ತು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದ ಮೇಲೆ ೬.೩೦ರ ಸುಮಾರಿಗೆ ಕಣ್ಣು ಬಿಟ್ಟಳು. ಯಮನವ್ವ ಮಗಳ ಕಾಲು ಹಿಡಿದು ಕುಳಿತಿದ್ದಳು. ಹುಡುಗಿಯ ತುಟಿ ಅಲುಗಿದವು. ಶಮಶಾದ ಕಿವಿ ಕೊಟ್ಟು ಕೇಳಿ, ತಿರುಗಿ ಸಿದರಾಯನ ಕಡೆ ನೋಡಿದಳು.

"ಏನಂತ?" ಅವನು ಕೇಳಿದ.

"ಊರಾಗ ನನ್ನ ಕಳ್ಳಿ ಅಂತಾರೇನು ಅಂತ ಕೇಳಾಕತ್ಯಾಳ್ರಿ."

ಉತ್ತರ ಕೊಡಬೇಕಾದವನು ಅವನೇ. "ಇಲ್ಲವ್ವಾ, ಯಾರೂ ಅನ್ನೂದಿಲ್ಲ," ಅಂದ. ಆ ಮಾತು ಹೊರಬಿದ್ದಾಗ ಅವನಿಗೆ ತನ್ನ ಮೇಲೆಯೇ ಹೇಸಿಕೆ ಬಂತು, ಯಾಕಂದರೆ ಆ ಗಳಿಗೆಗೆ ಅದು ಇನ್ನೂ ಸುಳ್ಳಾಗಿತ್ತು. ಅಲ್ಲಿಂದ ನೇರ ಠಾಣೆಗೆ ಬಂದ. ತಕರಾರೇ ಸುಳ್ಳು, ಆರೋಪಿಯೆಂದು ಬರೆದವಳೇ ಫಿರ್ಯಾದಿ ಎಂದು ವರದಿ ಬರೆದು ಮೇಡಂ ಮುಂದಿಟ್ಟು, ಅವರು ಸಹಿ ಮಾಡುವ ತನಕ ನಿಂತೇ ಇದ್ದ.

ವಿಠೋಬನ ಹೇಳಿಕೆ ೭.೧೫ಕ್ಕೆ ಶುರುವಾಯಿತು. ಯೋಗಿತಾ ಕೇಳಿದರು, ಸಿದರಾಯ ಬರೆದ.

"ಯಾಕ ಕೂಡಿಹಾಕಿದಿ?"

"ಸೋಮವಾರ ಮಾಲಕರಿಗೆ ಫೋನ್ ಹಚ್ಚತೀನಿ ಅಂದ್ಲು. ಫೋನ್ ಕಸಕೊಂಡೆ. ಅರ್ಧಾ ತಾಸು ಒಳಗಿದ್ರ ತಿಳಿವಳಿಕಿ ಬರತದ ಅನಕೊಂಡೆ, ಅಷ್ಟ."

"ಅರ್ಧಾ ತಾಸ ಆದಮ್ಯಾಲ?"

"ರೈತರು ಬಂದ್ರು. ಅವರ ಹೋಗಲಿ ಅಂದೆ. ಅವರ ಹೋದ್ರು, ಅಷ್ಟೊತ್ತಿಗೆ ಎರಡ ತಾಸ ಆಗಿತ್ತು. ಎರಡ ತಾಸ ಯಾಕ ಕೂಡಿಹಾಕಿದಿ ಅಂತ ಯಾರರೆ ಕೇಳಿದ್ರ ಏನ ಹೇಳಲಿ? ಸಂಜಿ ಆತು. ಗುಡಿಗೆ ಹೋದೆ."

"ಗುಡಿಗೆ ಹೋದಿ, ಬಾಗಲಾ ತೆಗೀಲಿಲ್ಲ."

"ಇಲ್ರಿ."

"ಆಕಿ ಸತ್ತಿದ್ರ?"

ವಿಠೋಬ ಯೋಗಿತಾರನ್ನು ಬಿಟ್ಟು, ಬರೆಯುತ್ತಿದ್ದ ಸಿದರಾಯನ ಕಡೆ ತಿರುಗಿದ.

"ಮಧ್ಯಾಹ್ನ ನೀವು ಬಾಗಲಾ ಮುಂದ ನಿಂತಾಗ ಎದಿ ಹಗುರ ಆಗಿತ್ರಿ. ಈಗ ತೆಗೀತಾರ, ಮುಗೀತು ಅಂತ. ಕೀಲಿ ಕೈಯಾಗ ಹಿಡದಿದ್ದೆ. ನೀವ ಬ್ಯಾಡ ಅಂದ್ರಿ."

ಸಿದರಾಯನ ಪೆನ್ನು ನಿಂತಿತು. ಯೋಗಿತಾ ಅವನ ಮುಖವನ್ನು ನೋಡಿದರು. ಆ ಸಾಲು ಬಿಟ್ಟು ಮುಂದೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನು ಅದನ್ನು ವಿಠೋಬ ಆಡಿದ ಹಾಗೆಯೇ, ಒಂದಕ್ಷರ ಬಿಡದೆ ಬರೆದ. ಇಲಾಖೆಯ ವಿಚಾರಣೆ ಇದರ ಮೇಲೆಯೇ ನಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು, ಮುಂದೆ ನಡೆಯಿತು ಕೂಡ.

"ಹದಿನೆಂಟು ವರ್ಷದಾಗ ಎಷ್ಟ ಮಂದೀನ ಕೆಲಸದಿಂದ ತಗದಿ?" ಯೋಗಿತಾ ಕೇಳಿದರು.

"ಹದಿನಾಕು."

"ಯಾಕ?"

"ಸುಳ್ಳ ಹೇಳಿದ್ರು. ಒಬ್ಬಾಂವ ರಜಾ ಬೇಕಂತ ಅವ್ವ ಸತ್ತಾಳ ಅಂದ, ಅವ್ವ ಬದುಕಿದ್ಲು. ಒಬ್ಬಾಂವ ಬೊಗಸಿ ಬೇದಾಣಿ ಕಿಸೆದಾಗ ಹಾಕ್ಕೊಂಡು ಇಲ್ಲ ಅಂದ. ಯಾರನ್ನೂ ಮಾಫ ಮಾಡಿದಾಂವ ಅಲ್ರಿ ನಾ. ಎಲ್ಲಾರ ಮುಂದ ನಿಲ್ಲಿಸಿ ತಗದೀನಿ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಮೇ ತಿಂಗಳದಾಗ ಮರತೀನಿ ಅಂತ ಒಂದ ಮಾತ ಅಂದಿದ್ರ ಮಾಲಕರು ಬೈದು ಬಿಡತಿದ್ರು. ಆದ್ರ ಆ ಹದಿನಾಕು ಮಂದಿ ಇದ ತಾಲೂಕದಾಗ ಅದಾರಲ್ರಿ. ದಿನಾ ಬಸ್‌ಸ್ಟ್ಯಾಂಡದಾಗ ಸಿಗ್ತಾರ."

ರಾತ್ರಿ ೮.೧೦ಕ್ಕೆ ವಿಠೋಬ ಸರಗರನನ್ನು ಬಂಧಿಸಲಾಯಿತು. ಬಂಧನದ ಮಾಹಿತಿ ಯಾರಿಗೆ ತಿಳಿಸಬೇಕು ಎಂದು ನಿಯಮದಂತೆ ಸಿದರಾಯ ಕೇಳಿದ. ಹೆಂಡತಿಗೋ, ಅಣ್ಣತಮ್ಮಂದಿರಿಗೋ, ಮಾಲೀಕನಿಗೋ. ವಿಠೋಬ ಯಾರಿಗೂ ಬೇಡ, ಅವರೆದುರು ಸುಳ್ಳನಾಗಿ ನಿಲ್ಲಲಾರೆ ಅಂದ. ಒಬ್ಬರ ಹೆಸರಾದರೂ ಹೇಳಲೇಬೇಕು ಎಂದು ಸಿದರಾಯ ಮತ್ತೊಮ್ಮೆ ಕೇಳಿ, ಪೆನ್ನು ಹಿಡಿದು ಕಾಯುತ್ತ ಕುಳಿತ.